ನೀರಿನ ವಹಿ ಇಡುವುದು ಹೇಗೆ: ಪುಣೆಯ ಸೊಸೈಟಿಯವರಿಗೆ

ನಳದಲ್ಲಿ ಕೆಟ್ಟ ನೀರು ಬಂತು ಅಂದರೆ ಬೈಯುವುದಕ್ಕೆ ಎಲ್ಲ ಹೌಸಿಂಗ್ ಸೊಸೈಟಿಯಲ್ಲೂ ಜನ ಸಿಗುತ್ತಾರೆ. ಎಲ್ಲಿ ಕೆಟ್ಟಿತು ಅಂತ ಕೇಳಿ ನೋಡಿ, ಯಾರ ಹತ್ತಿರವೂ ಉತ್ತರ ಇರುವುದಿಲ್ಲ. ರಸ್ತೆಯ ಪೈಪಿನಲ್ಲೋ? ಮೀಟರಿನಿಂದ ಈಚೆಗೋ? ನಮ್ಮದೇ ಟಾಕಿಯಲ್ಲೋ? ಇದು ಗೊತ್ತಿಲ್ಲದೆ ಕೊಟ್ಟ ದೂರಿನಿಂದ ಪಾಣಿ ಪುರವಠಾ ವಿಭಾಗದವರಿಗೂ (ಪಾಲಿಕೆಯ ನೀರು ಸರಬರಾಜಿನವರು) ಉಪಯೋಗ ಇಲ್ಲ, ನಮಗೂ ಇಲ್ಲ. ದಿನಕ್ಕೆ ಹತ್ತು ನಿಮಿಷ ಕೊಟ್ಟರೆ ಈ ಉತ್ತರ ನಮ್ಮ ಕೈಯಲ್ಲೇ ಇರುತ್ತದೆ. ಅದಕ್ಕೆ ಬೇಕಾದದ್ದು ಕ್ಲೋರಿನ್ ನೋಡುವ ಒಂದು ಸಣ್ಣ ಕಿಟ್ಟು, ಅಂಕಿ ಬರೆದಿಡುವ ಒಂದು ವಹಿ.

ನಾನು ವಿಜಯಪುರದವಳು. ಮದುವೆಯಾಗಿ ಪುಣೆಗೆ ಬಂದವಳು ರಿಟೈರ್ ಆಗುವವರೆಗೂ ಒಂದು ಹಾಲಿನ ಡೇರಿಯ ಲ್ಯಾಬಿನಲ್ಲಿ ಕೆಲಸ ಮಾಡಿದೆ. ಅಲ್ಲಿ ಬೆಳಿಗ್ಗೆ ಚಹಾಕ್ಕಿಂತ ಮೊದಲು ನೀರಿನ ಕ್ಲೋರಿನ್ ನೋಡಬೇಕಿತ್ತು. ಈಗ ಸಿಂಹಗಡ ರಸ್ತೆಯ ಒಂದು ಸೊಸೈಟಿಯಲ್ಲಿ ಕಮಿಟಿ ಮೆಂಬರ್. ನೀರಿನ ಜವಾಬ್ದಾರಿ ನನ್ನದೇ ಅಂತ ಎಲ್ಲರೂ ಸೇರಿ ನನ್ನ ಕೊರಳಿಗೆ ಕಟ್ಟಿದ್ದಾರೆ.

2025ರ ಜನವರಿಯನ್ನು ನಮ್ಮ ಕಡೆಯವರು ಮರೆಯುವುದು ಕಷ್ಟ. ನಾಂದೇಡ್ ಗಾಂವ್, ಕಿರ್ಕಟವಾಡಿ, ಧಾಯರಿ, ಸಿಂಹಗಡ ರಸ್ತೆ ಸುತ್ತಮುತ್ತ ಗಿಯಾನ್ ಬಾರೆ ಸಿಂಡ್ರೋಮ್, ಅಂದರೆ ಪೇಪರಿನವರು ಜಿಬಿಎಸ್ ಅಂತ ಬರೆದ ಕಾಯಿಲೆ, ಒಮ್ಮೆಲೇ ಹರಡಿತು. ಶಂಕಿತ ಪ್ರಕರಣಗಳೇ 200 ದಾಟಿದವು. ಸಾಮಾನ್ಯವಾಗಿ ಮೊದಲು ಹೊಟ್ಟೆ ಕೆಡುತ್ತದೆ. ಆಮೇಲೆ ರೋಗದ ಜೊತೆ ಹೊಡೆದಾಡಬೇಕಾದ ಶಕ್ತಿ ನಮ್ಮದೇ ನರಗಳ ಮೇಲೆ ತಿರುಗಿ ಬೀಳುತ್ತದೆ, ಕಾಲಿನಿಂದ ಶುರುವಾಗಿ ಬಲ ಹೋಗುತ್ತದೆ. ರೋಗಿಗಳ ಮಲದ ಪರೀಕ್ಷೆಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನೈ ಅನ್ನುವ ಬ್ಯಾಕ್ಟೀರಿಯಾ ಸಿಕ್ಕಿತು, ಕೆಲವರಲ್ಲಿ ನೋರೋ ವೈರಸ್ಸೂ ಸಿಕ್ಕಿತು. ಕುಡಿಯುವ ನೀರಿನ ಮೇಲೆ ಎಲ್ಲರ ಕಣ್ಣು ಬಿತ್ತು. ಆ ವಾರ ಮೆಡಿಕಲ್ ಅಂಗಡಿಗಳಲ್ಲಿ ಕ್ಲೋರಿನ್ ಹನಿ ಕೇಳುವವರ ಸಾಲು. ಫೆಬ್ರವರಿ ಮುಗಿಯುವಷ್ಟರಲ್ಲಿ ಅರ್ಧ ಜನಕ್ಕೆ ಮರೆತೂ ಹೋಯಿತು ಅನ್ನಿ.

ನೀರು ಬರುವ ದಾರಿ

ನಮಗೆ ನೀರು ಖಡಕವಾಸ್ಲಾ ಅಣೆಕಟ್ಟಿನಿಂದ ಬರುತ್ತದೆ. ಅದರ ಬೆನ್ನಿಗೆ ಪಾನಶೇತ್, ವರಸ್‌ಗಾಂವ್, ಟೇಮ್‌ಘರ್ ಅಣೆಕಟ್ಟುಗಳಿವೆ. ಪರ್ವತಿ, ವಡಗಾಂವ್, ವಾರ್ಜೆಯಂಥ ಕಡೆ ಶುದ್ಧೀಕರಣ ಕೇಂದ್ರಗಳಿವೆ. ಅಲ್ಲಿ ಪಟಿಕ ಹಾಕಿ ಕೆಸರು ಇಳಿಸಿ, ಮರಳಿನಲ್ಲಿ ಸೋಸಿ, ಕ್ರಿಮಿ ಸಾಯಲು ಕ್ಲೋರಿನ್ ಹಾಕಿ ಬಿಡುತ್ತಾರೆ. ಅಲ್ಲಿಂದ ಹೊರಟಾಗ ನೀರು ಸರಿಯಾಗಿದ್ದರೂ ನಿಮ್ಮ ಲೋಟಕ್ಕೆ ಬರುವಷ್ಟರಲ್ಲಿ ಎಷ್ಟೋ ಕಿಲೋಮೀಟರ್ ಪೈಪು, ಎಷ್ಟೋ ಜಾಯಿಂಟು, ಒಂದೆರಡು ಟಾಕಿ ದಾಟಿರುತ್ತದೆ. ನಾಂದೇಡ್, ಕಿರ್ಕಟವಾಡಿ, ಖಡಕವಾಸ್ಲಾ ಮುಂತಾದ 23 ಹಳ್ಳಿಗಳು 2021ರಲ್ಲಿ ಪಾಲಿಕೆಗೆ ಸೇರಿದವು. ಇಂಥ ಕಡೆ ಹಳೆಯ ಬಾವಿ, ಹಳೆಯ ಪೈಪು, ಹೊಸ ಬಿಲ್ಡಿಂಗು, ಟ್ಯಾಂಕರ್ ಎಲ್ಲ ಒಟ್ಟಿಗೇ ನಡೆಯುತ್ತವೆ.

ಇನ್ನೊಂದು ವಿಷಯ. ಇಪ್ಪತ್ನಾಲ್ಕು ಗಂಟೆ ನೀರು ಬರದ ಊರಿನಲ್ಲಿ ಪೈಪು ದಿನಕ್ಕೊಮ್ಮೆ ಖಾಲಿಯಾಗುತ್ತದೆ. ಒತ್ತಡ ಇದ್ದಾಗ ಸೋರುವ ಜಾಯಿಂಟಿನಿಂದ ನೀರು ಹೊರಗೆ ಹೋಗುತ್ತದೆ. ಒತ್ತಡ ಹೋದ ಮೇಲೆ ಅದೇ ಜಾಯಿಂಟು ಸುತ್ತಲಿನ ಗಟಾರದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಪೈಪಿಗೆ ನೇರವಾಗಿ ಮೋಟರ್ ಹಚ್ಚಿ ನೀರು ಜಗ್ಗುವವರು ಈ ಎಳೆತವನ್ನು ಇನ್ನೂ ಜಾಸ್ತಿ ಮಾಡುತ್ತಾರೆ. ಅದು ಕಾನೂನಿಗೆ ವಿರುದ್ಧ ಅಂತ ಎಲ್ಲರಿಗೂ ಗೊತ್ತು. ಪಕ್ಕದ ಮನೆಯವರು ಹಚ್ಚಿದ್ದಾರೆ ಅಂತ ನಾವೂ ಹಚ್ಚುವುದು ಮಾತ್ರ ನಿಂತಿಲ್ಲ. ನಿಮ್ಮ ಸೊಸೈಟಿಯಲ್ಲಿ ಇದ್ದರೆ ಮೊದಲು ಅದನ್ನು ತೆಗೆಸಿ. ಬಾಕಿ ಎಲ್ಲ ಆಮೇಲೆ.

ಕಿಟ್ಟು ಯಾವುದು ತರಬೇಕು

ನೀರಿನಲ್ಲಿ ಉಳಿದಿರುವ ಕ್ಲೋರಿನ್ ನೋಡುವ ಕಿಟ್ಟು ಎರಡು ತರಹ. ಒಂದರಲ್ಲಿ ಓ.ಟಿ. ಅನ್ನುವ ದ್ರಾವಣ ಹಾಕಿದರೆ ನೀರು ಹಳದಿಯಾಗುತ್ತದೆ. ಇನ್ನೊಂದು ಡಿಪಿಡಿ, ಅದರಲ್ಲಿ ಗುಲಾಬಿ ಬಣ್ಣ ಬರುತ್ತದೆ. ಡಿಪಿಡಿ ತೆಗೆದುಕೊಳ್ಳಿ. ಓ.ಟಿ. ಅಗ್ಗ, ಆದರೆ ಆ ರಾಸಾಯನಿಕ ಮೈಗೆ ಒಳ್ಳೆಯದಲ್ಲ. ಮೇಲಾಗಿ ಅದರ ಬಣ್ಣವನ್ನು ಹತ್ತು ಸೆಕೆಂಡಿನೊಳಗೆ ನೋಡದಿದ್ದರೆ ಬೇರೆ ವಸ್ತುಗಳ ಜೊತೆ ಕೂಡಿ ಬಲ ಕಳೆದುಕೊಂಡ ಕ್ಲೋರಿನ್ನೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಈಜುಕೊಳದ ಪಟ್ಟಿಗಳು ಬೇಡ. ನಮಗೆ ಬೇಕಾದದ್ದು 0.2, 0.5ರಂಥ ಸಣ್ಣ ಅಂಕಿ, ಅದು ಆ ಪಟ್ಟಿಯಲ್ಲಿ ಸರಿಯಾಗಿ ಕಾಣುವುದಿಲ್ಲ.

ನೋಡುವ ರೀತಿ ಇಷ್ಟೇ. ಕಿಟ್ಟಿನ ನಳಿಗೆಯನ್ನು ಪರೀಕ್ಷಿಸುವ ನೀರಿನಲ್ಲೇ ಎರಡು ಸಲ ತೊಳೆಯಿರಿ. ಗೆರೆಯವರೆಗೆ ನೀರು ತುಂಬಿ, ಗುಳಿಗೆ ಅಥವಾ ಪುಡಿ ಹಾಕಿ, ಮುಚ್ಚಿ ಅಲ್ಲಾಡಿಸಿ. ಒಂದು ನಿಮಿಷದೊಳಗೆ ಬಣ್ಣವನ್ನು ಪಟ್ಟಿಗೆ ಹೋಲಿಸಿ. ಬಾಲ್ಕನಿಯ ಬೆಳಕಿನಲ್ಲಿ ನೋಡಿ, ಟ್ಯೂಬ್‌ಲೈಟಿನ ಕೆಳಗೆ ಬೇಡ. ಗುಳಿಗೆಯನ್ನು ಬೆರಳಿನಿಂದ ಮುಟ್ಟಬೇಡಿ, ಪೊಟ್ಟಣದಿಂದ ನೇರ ನಳಿಗೆಗೆ ಬೀಳಿಸಿ. ನೋಡಿದ ನೀರನ್ನು ಸಿಂಕಿಗೆ ಚೆಲ್ಲಿ, ಗಿಡಕ್ಕೂ ಬೇಡ.

ಅಂಕಿ ಎಷ್ಟಿರಬೇಕು? ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಬಳಕೆದಾರರ ನಳದಲ್ಲಿ ಕನಿಷ್ಠ 0.2 ಮಿಲಿಗ್ರಾಂ ಪ್ರತಿ ಲೀಟರಿಗೆ. ವೈರಸ್ಸಿನ ಕಾಯಿಲೆ ಹರಡಿದ ಸಮಯದಲ್ಲಿ 0.5 ಇರಬೇಕು. ನೀರಿಗೆ ಕ್ಲೋರಿನ್ ವಾಸನೆ ಬರುತ್ತದೆ ಅಂತ ಜಗಳ ತೆಗೆಯುವ ಆಂಟಿಯರಿಗೆ ನಾನು ಹೇಳುವುದು, ಅಕ್ಕಾ, ಸ್ವಲ್ಪ ವಾಸನೆ ಬರಲಿ, ಪಾತ್ರೆಗೆ ಸೋಸಿ ಅರ್ಧ ಗಂಟೆ ತೆರೆದಿಡಿ, ಹೋಗುತ್ತದೆ. ವಾಸನೆಯೇ ಇಲ್ಲದ ದಿನ ನನಗೆ ಚಿಂತೆ.

ನಾಲ್ಕು ಕಡೆ ನೋಡಿ

ಈ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ನೀರು ಬಿಟ್ಟ ಹೊತ್ತಿನಲ್ಲಿ ನಾಲ್ಕು ಜಾಗದಲ್ಲಿ ಕ್ಲೋರಿನ್ ನೋಡಬೇಕು.

ಮೊದಲನೆಯದು, ಪಾಲಿಕೆಯ ನೀರು ನಮ್ಮ ಮೀಟರಿನ ಹತ್ತಿರ ಬಂದ ಕೂಡಲೇ, ಇನ್ನೂ ಕೆಳಗಿನ ಟಾಕಿಗೆ ಬೀಳುವ ಮೊದಲು. ಅಲ್ಲಿ ನಳ ಇಲ್ಲದಿದ್ದರೆ ಪ್ಲಂಬರನಿಂದ ಒಂದು ಸಣ್ಣ ನಳ ಹಾಕಿಸಿ. ಇದರಷ್ಟು ಉಪಯೋಗದ ಖರ್ಚು ಸೊಸೈಟಿಯಲ್ಲಿ ಇನ್ನೊಂದಿಲ್ಲ. ಎರಡನೆಯದು ಕೆಳಗಿನ ಟಾಕಿ. ಮೂರನೆಯದು ಗಚ್ಚಿಯ ಮೇಲಿನ ಟಾಕಿ. ನಾಲ್ಕನೆಯದು ಟಾಕಿಯಿಂದ ಎಲ್ಲಕ್ಕಿಂತ ದೂರದ ಫ್ಲ್ಯಾಟಿನ ಅಡುಗೆಮನೆಯ ನಳ. ಫಿಲ್ಟರಿನ ನೀರಲ್ಲ, ನೇರ ನಳದ್ದು.

ನಾಲ್ಕೂ ಅಂಕಿ ಒಂದರ ಪಕ್ಕ ಒಂದು ಬರೆದಾಗ ಕಥೆ ತಾನೇ ತೆರೆದುಕೊಳ್ಳುತ್ತದೆ. ಮೀಟರಿನ ಹತ್ತಿರವೇ ಸೊನ್ನೆ ಇದ್ದರೆ ರಸ್ತೆಯ ಕಡೆ ಏನೋ ಆಗಿದೆ, ಇಲಾಖೆಗೆ ತಿಳಿಸಬೇಕು. ಮೀಟರಿನ ಹತ್ತಿರ ಚೆನ್ನಾಗಿದ್ದು ಟಾಕಿಯಲ್ಲಿ ಸತ್ತರೆ ದೋಷ ನಮ್ಮದು. ಟಾಕಿಯ ಕೆಸರು, ಪಾಚಿ, ಕಸ ಇವೆಲ್ಲ ಕ್ಲೋರಿನ್ ತಿನ್ನುತ್ತವೆ.

ನಮ್ಮಲ್ಲಿ ಸಿಕ್ಕ ಅಂಕಿ ಇವು: ಮೀಟರಿನಲ್ಲಿ 0.5, ಕೆಳಗಿನ ಟಾಕಿಯಲ್ಲಿ 0.3, ಗಚ್ಚಿಯ ಟಾಕಿಯಲ್ಲಿ ಸೊನ್ನೆ. ಗಚ್ಚಿಗೆ ಹತ್ತಿ ನೋಡಿದರೆ ಟಾಕಿಯ ಮುಚ್ಚಳದ ಒಂದು ಮೂಲೆ ಒಡೆದಿತ್ತು. ಯಾರೋ ಡಿಶ್ ಹಾಕುವವನು ಅದರ ಮೇಲೆ ನಿಂತಿರಬೇಕು. ಆ ಸಂದಿಗೆ ಸರಿಯಾಗಿ ಪಾರಿವಾಳಗಳು ಕೂತು ಕೂತು ಅಂಚು ಬೆಳ್ಳಗಾಗಿತ್ತು. ಒಳಗೆ ಟಾರ್ಚ್ ಬಿಟ್ಟರೆ ನೀರಿನ ಮೇಲೆ ಎರಡು ಬೂದು ಪುಕ್ಕ, ತಳದಲ್ಲಿ ಬೆರಳು ದಪ್ಪ ಕೆಸರು. ಆ ಬೆಳಿಗ್ಗೆಯೇ ವಾಟ್ಸ್ಯಾಪಿನಲ್ಲಿ ಪಾಲಿಕೆಯ ಮೇಲೆ ಮೋರ್ಚಾ ಒಯ್ಯುವ ಮಾತು ನಡೆದಿತ್ತು. ನಾನು ಪುಕ್ಕದ ಫೋಟೋ ಹಾಕಿದೆ. ಮೋರ್ಚಾ ಅಲ್ಲಿಗೆ ನಿಂತಿತು.

ದಿನಾ ನಾಲ್ಕೂ ಕಡೆ ಬೇಕಿಲ್ಲ. ದಿನಾ ಮೀಟರಿನ ಹತ್ತಿರ ಮತ್ತು ದೂರದ ನಳ, ವಾರಕ್ಕೊಮ್ಮೆ ನಾಲ್ಕೂ. ಗುರುವಾರ ನೀರು ಬಂದ್ ಇದ್ದರೆ ಶುಕ್ರವಾರ ತಪ್ಪಿಸಲೇಬೇಡಿ. ರಿಪೇರಿಗೆ ಪೈಪು ಖಾಲಿ ಮಾಡಿರುತ್ತಾರೆ, ಮತ್ತೆ ತುಂಬುವಾಗ ತಳದ ಕೆಸರೆಲ್ಲ ಎದ್ದು ಬರುತ್ತದೆ. ಆ ದಿನ ಮೊದಲು ಬಂದ ನೀರನ್ನು ಟಾಕಿಗೆ ಬಿಡದೆ ಗಿಡಕ್ಕೋ ಪಾರ್ಕಿಂಗ್ ತೊಳೆಯುವುದಕ್ಕೋ ಬಿಡಿ. ಗಾಜಿನ ಲೋಟದಲ್ಲಿ ಹಿಡಿದು ನೋಡಿ, ತಿಳಿಯಾದ ಮೇಲೆ ಟಾಕಿಗೆ ತಿರುಗಿಸಿ. ವಾಚ್‌ಮನ್‌ಗೆ ಒಮ್ಮೆ ತೋರಿಸಿಕೊಟ್ಟರೆ ಸಾಕು, ಅವರೇ ಮಾಡುತ್ತಾರೆ. ಗಣಪತಿ ಹಬ್ಬಕ್ಕೆ ಅವರ ಕೈಗೆ ನೂರೋ ಇನ್ನೂರೋ ಜಾಸ್ತಿ ಕೊಡುವುದು ನಿಮ್ಮ ಧರ್ಮ.

ವಹಿಯಲ್ಲಿ ಏನು ಬರೆಯಬೇಕು

ಸಾದಾ ಉದ್ದ ಪುಸ್ತಕ ಸಾಕು. ತಾರೀಖು, ನೀರು ಬಿಟ್ಟ ಸಮಯ, ನೋಡಿದ ಸಮಯ, ಜಾಗ, ಕ್ಲೋರಿನ್ ಅಂಕಿ, ಬಣ್ಣ ಮತ್ತು ವಾಸನೆ, ನೋಡಿದವರ ಸಹಿ. ಕೊನೆಗೆ ಒಂದು ಖಾನೆ ಹೊಟ್ಟೆ ಕೆಟ್ಟವರಿಗೆ. ಯಾವ ವಿಂಗ್, ಎಷ್ಟು ಜನ ಅಂತ ಮಾತ್ರ. ಹೆಸರು ಬೇಡ. ಹೆಸರು ಬರೆಯುತ್ತೀರಿ ಅಂತ ಗೊತ್ತಾದರೆ ಯಾರೂ ಹೇಳುವುದಿಲ್ಲ. ಒಂದೇ ವಾರದಲ್ಲಿ ಬೇರೆ ಬೇರೆ ಮೂರು ಮನೆಯಲ್ಲಿ ಭೇದಿ ಶುರುವಾದರೆ ಅದನ್ನು ಹೋಟೆಲ್ ಊಟದ ಮೇಲೆ ಹಾಕಿ ಸುಮ್ಮನಿರಬೇಡಿ. ಹತ್ತಿರದ ಪಾಲಿಕೆ ದವಾಖಾನೆಗೆ ಅವತ್ತೇ ತಿಳಿಸಿ.

ಸಮಯದ ಮಹತ್ವ ನನಗೆ ಹೇಳಿಕೊಟ್ಟವರು ನಮ್ಮ ಕಡೆಯ ವಾಲ್ವ್ ತಿರುಗಿಸುವ ಮಾಮಾ. ಅಕ್ಕಲಕೋಟೆ ಕಡೆಯವರು, ನಾನು ಫೋನಿನಲ್ಲಿ ಮಾತಾಡುವುದು ಕೇಳಿ ಕನ್ನಡಕ್ಕೆ ಇಳಿದರು. "ಅಕ್ಕಾರ, ಎಲ್ಲಾರೂ ನೀರ ಖರಾಬ್ ಬಂತು ಅಂತಾರ. ಎಷ್ಟೊತ್ತಿಗಿ ಬಂತು ಅಂತ ಒಬ್ರೂ ಹೇಳಂಗಿಲ್ಲ. ಟೈಮ್ ಹೇಳಿದ್ರ ನನಗ ಯಾವ ಲೈನ್ ಅನ್ನೂದು ತಿಳೀತದ." ಯಾವ ವಾಲ್ವ್ ಎಷ್ಟು ಗಂಟೆಗೆ ತೆರೆದೆ ಅನ್ನುವುದು ಅವರ ತಲೆಯಲ್ಲಿದೆ. ನೀರು ಬಿಟ್ಟ ಮೊದಲ ಹತ್ತು ನಿಮಿಷ ಮಾತ್ರ ಕೆಟ್ಟ ವಾಸನೆ ಬಂದರೆ ಹತ್ತಿರದಲ್ಲೇ ಎಲ್ಲೋ ಸೋರಿಕೆ ಇರಬಹುದು. ಕೊನೆಯವರೆಗೂ ಬಂದರೆ ತೊಂದರೆ ದೊಡ್ಡದು, ದೂರದ್ದು. ಇಂಜಿನಿಯರ್ ಸಾಹೇಬರು ಬದಲಾಗುತ್ತಾರೆ, ವಾಲ್ವ್ ಮಾಮಾ ಇರುತ್ತಾರೆ. ಅವರಿಗೆ ಚಹಾ ಕೊಡಿ, ವಹಿ ತೋರಿಸಿ.

ದೂರು ಬರೆಯುವಾಗ

ಮರಾಠಿಯಲ್ಲಿ ಬರೆಯಿರಿ, ಒಂದೇ ಹಾಳೆ. "ಪಾಣಿ ಖರಾಬ್ ಯೇತೆ" (ನೀರು ಕೆಟ್ಟದ್ದು ಬರುತ್ತದೆ) ಅಂತ ಶುರು ಮಾಡಬೇಡಿ. "ಸಕಾಳಿ ಸಹಾ ವಾಜತಾ ಮೀಟರ್‌ಪಾಶಿ ಕ್ಲೋರಿನ್ ಶೂನ್ಯ, ಸಲಗ ತೀನ್ ದಿವಸ" ಅಂತ ಬರೆಯಿರಿ, ಅಂದರೆ ಬೆಳಿಗ್ಗೆ ಆರಕ್ಕೆ ಮೀಟರಿನ ಹತ್ತಿರ ಕ್ಲೋರಿನ್ ಸೊನ್ನೆ, ಸತತ ಮೂರು ದಿನ. ಅದರ ಕೆಳಗೆ ವಹಿಯ ಆ ದಿನಗಳ ಸಾಲು, ಜಾಗದ ಗುರುತು, ಹತ್ತಿರದ ವಾಲ್ವ್ ಚೇಂಬರ್ ಎಲ್ಲಿದೆ, ರಸ್ತೆ ಎಲ್ಲಾದರೂ ಅಗೆದಿದ್ದಾರೋ ಅನ್ನುವುದು. ಇತ್ತೀಚೆಗೆ ಕೇಬಲ್ಲಿಗೋ ಗ್ಯಾಸ್ ಪೈಪಿಗೋ ಅಗೆದಿದ್ದರೆ ಅದನ್ನು ಗೆರೆ ಎಳೆದು ಬರೆಯಿರಿ. ಎಷ್ಟೋ ಸಲ ನೀರಿನ ಪೈಪಿಗೆ ಪೆಟ್ಟು ಬೀಳುವುದು ಇಂಥ ಕೆಲಸದಲ್ಲೇ. ಕನಿಷ್ಠ ಅಭಿಯಂತಾ, ಅಂದರೆ ಜೂನಿಯರ್ ಇಂಜಿನಿಯರ್ ಹೆಸರಿಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಪೋಚ್ ಸಿಕ್ಕಾ, ಅಂದರೆ ದೂರು ತಲುಪಿದ ಮುದ್ರೆ, ಹಾಕಿಸಿಕೊಳ್ಳಿ. ಪಾಲಿಕೆಯ ಆ್ಯಪಿನಲ್ಲೂ ಹಾಕಿ, ಆದರೆ ಆ್ಯಪಿನಲ್ಲಿ ಹಾಕಿ ಮನೆಯಲ್ಲಿ ಕೂಡಬೇಡಿ.

ಇಲಾಖೆಗೆ ನಮ್ಮಿಂದ ಆಗುವ ಸಣ್ಣ ಉಪಕಾರಗಳೂ ಇವೆ, ಯಾರೂ ಯೋಚನೆ ಮಾಡುವುದಿಲ್ಲ. ಸೊಸೈಟಿ ಮುಂದೆ ಹೊಸ ಪೇವರ್ ಬ್ಲಾಕ್ ಹಾಕಿಸುವಾಗ ವಾಲ್ವಿನ ಮುಚ್ಚಳವನ್ನು ಮುಚ್ಚಿ ಹಾಕಿಬಿಡುತ್ತಾರೆ. ಅದರ ಮೇಲೆ ಕಾರು ನಿಲ್ಲಿಸುತ್ತಾರೆ. ಸ್ಯಾಂಪಲ್ ತೆಗೆಯಲು ಬಂದ ಸಿಬ್ಬಂದಿಯನ್ನು ವಾಚ್‌ಮನ್ ಗೇಟಿನಲ್ಲೇ ನಿಲ್ಲಿಸುತ್ತಾನೆ. ಚೇಂಬರ್ ತೆರೆದಿಡಿ, ಗುರುತಿನ ಚೀಟಿ ನೋಡಿ ಒಳಗೆ ಬಿಡಿ, ನಿಮ್ಮ ನಾಲ್ಕು ಜಾಗವನ್ನೂ ತೋರಿಸಿ.

ಎರಡು ಪೈಪು ಕೂಡುವ ಜಾಗ

ಪುಣೆಯ ಬಹಳ ಸೊಸೈಟಿಗಳಲ್ಲಿ ಪಾಲಿಕೆ ನೀರು ಬೇರೆ, ಬೋರ್ ನೀರು ಬೇರೆ. ಬೋರ್ ಸಂಡಾಸಿಗೆ, ತೊಳೆಯುವುದಕ್ಕೆ. ಬೇಸಿಗೆಯಲ್ಲಿ ನೀರು ಕಮ್ಮಿಯಾದಾಗ ಯಾರೋ ಪ್ಲಂಬರ್ ಎರಡನ್ನೂ ಒಂದು ವಾಲ್ವಿನಿಂದ ಜೋಡಿಸಿರುತ್ತಾನೆ. ಮಳೆ ಬಂದ ಮೇಲೆ ಆ ವಾಲ್ವನ್ನು ಎಲ್ಲರೂ ಮರೆತಿರುತ್ತಾರೆ. ವಾಲ್ವು ಹಳತಾದ ಮೇಲೆ ಪೂರ್ತಿ ಮುಚ್ಚುವುದೂ ಇಲ್ಲ.

ಇದನ್ನು ಹಿಡಿಯುವುದಕ್ಕೆ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಉಪ್ಪಿನಂಶ, ನೋಡುವ ಮೀಟರ್ ಚೆನ್ನಾಗಿ ಬರುತ್ತದೆ. ಖಡಕವಾಸ್ಲಾದ ನೀರು ಮೆದು, ಅದರ ಟಿಡಿಎಸ್ ಬಹಳ ಕಮ್ಮಿ. ಬೋರಿನದು ಹಲವು ನೂರು ಇರುತ್ತದೆ. ಅಡುಗೆಮನೆಯ ನಳದಲ್ಲಿ ಅಂಕಿ ಒಮ್ಮೆಲೇ ಏರಿದರೆ ಎಲ್ಲೋ ಬೋರ್ ನೀರು ಬೆರೆಯುತ್ತಿದೆ. ಪಾಲಿಕೆಯ ಕಡೆಯ ವಾಲ್ವ್ ಪೂರ್ತಿ ಮುಚ್ಚಿ, ಗಚ್ಚಿಯ ಕುಡಿಯುವ ನೀರಿನ ಟಾಕಿ ಖಾಲಿಯಾದ ಮೇಲೂ ಅಡುಗೆಮನೆಯ ನಳ ಸುರಿಯುತ್ತಿದ್ದರೆ ಅನುಮಾನವೇ ಬೇಡ. ಅಲ್ಲಿ ಪೈಪನ್ನು ಕತ್ತರಿಸಿ ಎರಡು ಕಡೆಯೂ ಬೂಚು ಹಾಕಿಸಿ. ವಾಲ್ವ್ ಇರಲಿ, ತುರ್ತಿಗೆ ಬೇಕಾಗುತ್ತದೆ ಅಂತ ಛೇರ್ಮನ್ ಅಂದರೂ ಕೇಳಬೇಡಿ.

ಟಿಡಿಎಸ್ ಮೀಟರಿನ ಕೆಲಸ ಇಲ್ಲಿಗೆ ಮುಗಿಯಿತು. ಅದು ಕರಗಿದ ಉಪ್ಪು ಅಳೆಯುತ್ತದೆ, ಕ್ರಿಮಿಗಳನ್ನಲ್ಲ. ಟಿಡಿಎಸ್ 60 ಇರುವ ನೀರಿನಲ್ಲೂ ಸಂಡಾಸಿನ ಕ್ರಿಮಿ ಇರಬಹುದು. ನಮ್ಮ ಸೊಸೈಟಿಗೆ ಆರ್‌ಒ ಮಾರಲು ಬಂದ ಹುಡುಗನೊಬ್ಬ ನಳದ ನೀರಿನಲ್ಲೂ ಆರ್‌ಒ ನೀರಿನಲ್ಲೂ ಕಡ್ಡಿ ಇಟ್ಟು ಕರೆಂಟ್ ಹಾಯಿಸಿ, ನಳದ ನೀರು ಮಾತ್ರ ಕಂದು ಬಣ್ಣಕ್ಕೆ ತಿರುಗಿದ್ದನ್ನು ತೋರಿಸಿ ಎಲ್ಲರನ್ನೂ ಹೆದರಿಸಿದ. ಆ ಕಂದು ಬಣ್ಣ ಅವನ ಕಬ್ಬಿಣದ ಕಡ್ಡಿಯದೇ. ಉಪ್ಪಿನಂಶ ಇರುವ ನೀರಿನಲ್ಲಿ ಕರೆಂಟ್ ಚೆನ್ನಾಗಿ ಹರಿದು ಕಬ್ಬಿಣ ಕರಗುತ್ತದೆ. ಆರ್‌ಒ ನೀರಿನಲ್ಲಿ ಉಪ್ಪು ಬಹಳ ಕಮ್ಮಿ, ಅದಕ್ಕೇ ಅಲ್ಲಿ ಬಣ್ಣ ಬರಲಿಲ್ಲ. ಮನೆಯಲ್ಲಿ ಆರ್‌ಒ ಇದ್ದರೆ ಇರಲಿ, ಆದರೆ ಅದರ ಕಾರ್ಬನ್ ಫಿಲ್ಟರ್ ಕ್ಲೋರಿನ್ನನ್ನು ತೆಗೆದುಹಾಕಿರುತ್ತದೆ. ಆ ನೀರನ್ನು ದಿನಗಟ್ಟಲೆ ಕೊಡದಲ್ಲಿ ಇಟ್ಟು ಕುಡಿಯಬೇಡಿ.

ಟಾಕಿ ತೊಳೆಯುವುದು

ಕೆಳಗಿನ ಟಾಕಿಗೆ ಇಳಿಯುವುದು ಅಪಾಯದ ಕೆಲಸ. ಮುಚ್ಚಿದ ಟಾಕಿಯಲ್ಲಿ ಉಸಿರಾಡುವ ಗಾಳಿ ಇಲ್ಲದೆ ಜನ ಸತ್ತಿದ್ದಾರೆ, ಅವರನ್ನು ಎತ್ತಲು ಇಳಿದವರೂ ಸತ್ತಿದ್ದಾರೆ. ಎಲ್ಲ ಮುಚ್ಚಳ ತೆಗೆದು ಕೆಲವು ಗಂಟೆ ಬಿಡಿ, ಫ್ಯಾನ್ ಹಚ್ಚಿ. ಪಂಪಿನ ಮೇನ್ ಸ್ವಿಚ್ ಆಫ್ ಮಾಡಿ ಅದರ ಹತ್ತಿರ ಒಬ್ಬರನ್ನು ನಿಲ್ಲಿಸಿ. ಇಳಿದವರ ಸೊಂಟಕ್ಕೆ ಹಗ್ಗ, ಮೇಲೆ ಹಗ್ಗ ಹಿಡಿದವರು ಇರಲೇಬೇಕು. ಪೆಟ್ರೋಲ್ ಪಂಪ್‌ಸೆಟ್ ಒಳಗೆ ಇಳಿಸುವ ಮಾತೇ ಬೇಡ. ಒಬ್ಬನೇ ಹುಡುಗನನ್ನು ಕಳಿಸುವ ಏಜೆನ್ಸಿ ಎಷ್ಟೇ ಅಗ್ಗವಾದರೂ ವಾಪಸ್ ಕಳಿಸಿ.

ಕೆಸರು ಬಳಿದು, ಉಜ್ಜಿ, ತೊಳೆದ ಮೇಲೆ ಬ್ಲೀಚಿಂಗ್ ಪುಡಿ. ಟಾಕಿ ತುಂಬ ಕ್ಲೋರಿನ್ ನೀರು ತುಂಬಿ ರಾತ್ರಿಯಿಡೀ ಬಿಡುವ ರೀತಿಯೂ ಇದೆ. 1,000 ಲೀಟರಿಗೆ 200 ಗ್ರಾಂ ಪುಡಿ ಬೇಕು. ಆದರೆ 40,000 ಲೀಟರಿನ ಟಾಕಿಗೆ 8 ಕಿಲೋ ಪುಡಿ ಆಯಿತು, ಆಮೇಲೆ ಅಷ್ಟೂ ನೀರು ಚೆಲ್ಲಬೇಕು. ನೀರಿನ ತಾಪತ್ರಯ ಇರುವ ಊರಲ್ಲಿ ಇದು ಯಾರಿಗೆ ಬೇಕು? ನಾವು ಗೋಡೆ ಬಳಿಯುತ್ತೇವೆ. 10 ಲೀಟರ್ ಬಕೆಟ್ಟಿಗೆ 8 ಗ್ರಾಂ ಪುಡಿ, ತೂಕ ಮಾಡಿಯೇ ಹಾಕಿ. ಕದಡಿ, ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಸಿದುಕೊಳ್ಳಿ. ಗೋಡೆ, ಛತ್ತಿನ ಒಳಮೈ, ಮುಚ್ಚಳದ ಒಳಭಾಗ ಎಲ್ಲಕ್ಕೂ ಬಳಿದು ಅರ್ಧ ಗಂಟೆ ಹಸಿಯಾಗಿಯೇ ಇರಲಿ. ಬಳಿಯುವವರು ಆಗಾಗ ಮೇಲೆ ಬಂದು ಗಾಳಿ ತೆಗೆದುಕೊಳ್ಳಲಿ. ಕೈಗವಸು, ಕನ್ನಡಕ, ಮಾಸ್ಕ್ ಬೇಕೇ ಬೇಕು. ಆಮೇಲೆ ಸಾದಾ ನೀರಿನಿಂದ ತೊಳೆದು ಅದನ್ನು ಹೊರಗೆ ಹಾಕಿ. ಬ್ಲೀಚಿಂಗ್ ಪುಡಿಗೆ ಸಂಡಾಸು ತೊಳೆಯುವ ಆ್ಯಸಿಡ್ ತಾಗಿದರೆ ವಿಷದ ಗಾಳಿ ಏಳುತ್ತದೆ. ಎರಡನ್ನೂ ಒಂದೇ ಕಪಾಟಿನಲ್ಲೂ ಇಡಬೇಡಿ.

ಈ ಲೆಕ್ಕ ಪುಡಿಯಲ್ಲಿ ನೂರಕ್ಕೆ 25 ಭಾಗ ಕ್ಲೋರಿನ್ ಉಳಿದಿದೆ ಅಂತ ಹಿಡಿದು ಮಾಡಿದ್ದು. ಹೊಸ ಪುಡಿಯಲ್ಲಿ 33ರವರೆಗೂ ಇರುತ್ತದೆ. ಬಾಯಿ ತೆರೆದ ಚೀಲ ಒಂದು ಮಳೆಗಾಲ ಕಳೆದರೆ ಅದು ಸುಣ್ಣದ ಪುಡಿಯೇ. ಸಣ್ಣ ಪ್ಯಾಕ್ ತಂದು, ಬಿಗಿ ಡಬ್ಬಿಯಲ್ಲಿ, ಬಿಸಿಲು ಬೀಳದ ಕಡೆ ಇಡಿ.

ಟ್ಯಾಂಕರ್ ಬಂದ ದಿನ

ಟ್ಯಾಂಕರ್ ಗೇಟಿಗೆ ಬಂದ ಕೂಡಲೇ, ಪೈಪು ಟಾಕಿಗೆ ಬಿಡುವ ಮೊದಲು ಕ್ಲೋರಿನ್ ನೋಡಿ. ಡ್ರೈವರ್ ಅವಸರ ಮಾಡುತ್ತಾನೆ, ಮಾಡಲಿ. ನೀರು ಎಲ್ಲಿ ತುಂಬಿದ್ದು ಅಂತ ಕೇಳಿ ವಹಿಯಲ್ಲಿ ಗಾಡಿ ನಂಬರ್ ಬರೆದುಕೊಳ್ಳಿ. ಬರೆದುಕೊಳ್ಳುತ್ತಾರೆ ಅಂತ ಗೊತ್ತಾದರೆ ಮುಂದಿನ ಸಲ ನೀರು ಸುಧಾರಿಸುತ್ತದೆ, ಇದು ನನ್ನ ಅನುಭವ. ಕೆಂಪಗೆ, ಕದಡಿದ ನೀರಾದರೆ ಬೇಡ ಅನ್ನಿ. ಕದಡಿದ ನೀರಿನಲ್ಲಿ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ನೀರು ತಿಳಿ ಇದ್ದು ಕ್ಲೋರಿನ್ ಸೊನ್ನೆ ಇದ್ದರೆ 1,000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ. 10,000 ಲೀಟರಿನ ಟ್ಯಾಂಕರಿಗೆ 25 ಗ್ರಾಂ. ಒಂದು ಬಕೆಟ್ಟಿನಲ್ಲಿ ಕದಡಿ, ತಿಳಿಯನ್ನು ಮಾತ್ರ ಟಾಕಿಗೆ ಹಾಕಿ, ನೀರು ಬೀಳುವಾಗಲೇ ಹಾಕಿದರೆ ಚೆನ್ನಾಗಿ ಬೆರೆಯುತ್ತದೆ. ಅರ್ಧ ಗಂಟೆ ಬಿಟ್ಟು ಕಿಟ್ಟಿನಲ್ಲಿ ನೋಡಿ. 0.5ರ ಹತ್ತಿರ ಬಂದಿದ್ದರೆ ಪಂಪ್ ಹಚ್ಚಿ. ಕಮ್ಮಿ ಇದ್ದರೆ ಸ್ವಲ್ಪ ಸ್ವಲ್ಪ ಸೇರಿಸಿ, ಮತ್ತೆ ಅರ್ಧ ಗಂಟೆ. ಅಂದಾಜಿಗೆ ಮುಷ್ಟಿಗಟ್ಟಲೆ ಸುರಿಯುವವರ ಕೈಗೆ ಈ ಕೆಲಸ ಕೊಡಬೇಡಿ.

ಲ್ಯಾಬಿಗೆ ಯಾವಾಗ

ಕ್ಲೋರಿನ್ ಇದ್ದರೆ ರಕ್ಷಣೆ ಇದೆ ಅಂತ ಅರ್ಥ, ಕ್ರಿಮಿ ಇಲ್ಲವೇ ಇಲ್ಲ ಅಂತ ಅಲ್ಲ. 1955ರ ಕೊನೆಗೆ ದಿಲ್ಲಿಯಲ್ಲಿ ಯಮುನೆಯ ನೀರು ಎತ್ತುವ ಜಾಗಕ್ಕೆ ಗಟಾರದ ನೀರು ಹೊಕ್ಕಾಗ ಸುಮಾರು 29,000 ಜನಕ್ಕೆ ಕಾಮಾಲೆ ಬಂತು. ಕ್ಲೋರಿನ್ ಹಾಕಿದ್ದರಿಂದ ಟೈಫಾಯ್ಡ್, ಆಮಶಂಕೆ ಏರಲಿಲ್ಲ, ಕಾಮಾಲೆಯ ವೈರಸ್ ಮಾತ್ರ ದಾಟಿಕೊಂಡು ಬಂತು. ಹಾಗಾಗಿ ಮಳೆಗಾಲದ ಮೊದಲು ಒಮ್ಮೆ, ಮಧ್ಯದಲ್ಲಿ ಒಮ್ಮೆ ಕ್ರಿಮಿ ಪರೀಕ್ಷೆ ಮಾಡಿಸಿ. ಪುಣೆಯಲ್ಲಿ ರಾಜ್ಯ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯವೇ ಇದೆ, ಎನ್‌ಎಬಿಎಲ್ ಮಾನ್ಯತೆ ಇರುವ ಖಾಸಗಿ ಲ್ಯಾಬುಗಳೂ ಇವೆ. 100 ಮಿಲಿಲೀಟರ್ ನೀರಿನಲ್ಲಿ ಮಲದಿಂದ ಬರುವ ಕ್ರಿಮಿ ಇ-ಕೋಲೈ ಒಂದೂ ಇರಬಾರದು.

ಬಾಟಲಿಯನ್ನು ಲ್ಯಾಬಿನಿಂದಲೇ ತನ್ನಿ. ಅದರೊಳಗೆ ಕ್ಲೋರಿನ್ ಅಳಿಸುವ ಪುಡಿ ಹಾಕಿರುತ್ತಾರೆ, ಅದಕ್ಕೇ ಬಾಟಲಿಯನ್ನು ತೊಳೆಯಬಾರದು. ಬಿಸ್ಲೇರಿ ಬಾಟಲಿಯಲ್ಲಿ ತಂದ ಸ್ಯಾಂಪಲ್ ಡೇರಿಯಲ್ಲಿದ್ದಾಗ ನಾನೇ ಎಷ್ಟೋ ವಾಪಸ್ ಕಳಿಸಿದ್ದೇನೆ. ನಳದ ಬಾಯಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಎರಡು ಮೂರು ನಿಮಿಷ ನೀರು ಬಿಟ್ಟು, ಬಾಟಲಿಯ ಬಾಯಿಗೆ ಬೆರಳು ತಾಗದಂತೆ ಹಿಡಿಯಿರಿ. ಮೇಲೆ ಸ್ವಲ್ಪ ಖಾಲಿ ಬಿಡಿ. ಐಸ್ ಇಟ್ಟ ಡಬ್ಬಿಯಲ್ಲಿ ಅವತ್ತೇ ತಲುಪಿಸಿ.

ಲ್ಯಾಬ್ ದೂರ ಅನ್ನುವವರಿಗೆ ಎಚ್‌ಟುಎಸ್ ಬಾಟಲಿ ಇದೆ. ಗೆರೆಯವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ, ಕೆಟ್ಟ ನೀರು ಕಪ್ಪಗಾಗುತ್ತದೆ. ಇದು ಅನುಮಾನ ಹುಟ್ಟಿಸುವ ಪರೀಕ್ಷೆ ಮಾತ್ರ. ಕಪ್ಪಾದರೆ ಲ್ಯಾಬಿಗೆ ಹೋಗಬೇಕು, ಅಷ್ಟರವರೆಗೆ ಕುದಿಸಿ ಕುಡಿಯಬೇಕು. ಕೊತಕೊತ ಕುದಿ ಬಂದು ಒಂದು ನಿಮಿಷ ಆದರೆ ಸಾಕು. ಊರಲ್ಲಿ ಅಕ್ಕತಂಗಿಯರಿದ್ದರೆ ಅವರಿಗೂ ಹೇಳಿ. ಜಲ ಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐದು ಹೆಣ್ಣುಮಕ್ಕಳಿಗೆ ಇಂಥ ಪರೀಕ್ಷೆ ಕಲಿಸುವ ವ್ಯವಸ್ಥೆ ಇದೆ, ಕಿಟ್ಟು ಪಂಚಾಯಿತಿಯ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದಾರೋ ಏನೋ, ಕೇಳಿ ನೋಡಲಿ.

ಸೊಸೈಟಿ ಇಲ್ಲದವರು

ನಮ್ಮ ಪಕ್ಕದಲ್ಲಿ ಬಿಲ್ಡಿಂಗ್ ಕಟ್ಟುತ್ತಿರುವ ಸೈಟಿನ ತಗಡಿನ ಶೆಡ್ಡುಗಳಲ್ಲಿ ಇರುವವರು ಹೆಚ್ಚಾಗಿ ಯಾದಗಿರಿ, ಕಲಬುರಗಿ ಕಡೆಯ ಕನ್ನಡದವರೇ. ಅವರಿಗೆ ಮೀಟರೂ ಇಲ್ಲ, ವಹಿಯೂ ಇಲ್ಲ. ಕಾಂಟ್ರಾಕ್ಟರ್ ತರಿಸಿದ ಟ್ಯಾಂಕರ್, ಒಂದು ಕಪ್ಪು ಸಿಂಟೆಕ್ಸ್, ಅದರಿಂದ ಕೊಡಕ್ಕೆ. ಇಲ್ಲಿ ಕೊಡವೇ ಕೊನೆಯ ಕಾವಲು. ಮುಚ್ಚಳ ಇರುವ ಕೊಡ ಅಥವಾ ಕೆಳಗೆ ನಳ ಇರುವ ಡಬ್ಬಿ ಇರಲಿ, ಕೈ ಅದ್ದಿ ಲೋಟದಲ್ಲಿ ತೆಗೆಯುವುದು ಬೇಡ. ಕ್ಲೋರಿನ್ ಗುಳಿಗೆ ಅಥವಾ ಹನಿ ಪ್ಯಾಕಿನ ಮೇಲೆ ಎಷ್ಟು ಲೀಟರಿಗೆ ಅಂತ ಬರೆದಿದೆಯೋ ಅಷ್ಟಕ್ಕೇ ಹಾಕಿ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಪ್ಯಾಕ್ ಮೇಲಿನ ಇಂಗ್ಲಿಷ್, ಮರಾಠಿ ಅವರಿಗೆ ಓದಲು ಬರುವುದಿಲ್ಲ. ಹಾಗಾಗಿ ನಮ್ಮ ಕಮಿಟಿಯವರು ಅವರ ಕೊಡಕ್ಕೆ ಎಷ್ಟು ನೀರು ಹಿಡಿಯುತ್ತದೆ ಅಂತ ಅಳೆದು, ಎಷ್ಟು ಹನಿ ಅಂತ ಕನ್ನಡದಲ್ಲಿ ಕೊಡದ ಮೇಲೇ ಮಾರ್ಕರಿನಿಂದ ಬರೆದುಕೊಟ್ಟೆವು. ಸಿಂಟೆಕ್ಸ್ ತೊಳೆಯುವುದು, ಟ್ಯಾಂಕರಿನ ನೀರಿಗೆ ಕ್ಲೋರಿನ್ ನೋಡುವುದು ಕಾಂಟ್ರಾಕ್ಟರನ ಕೆಲಸ. ಅದನ್ನು ಅವನ ಸೂಪರ್‌ವೈಸರಿಗೆ ಬಾಯಿಮಾತಿನಲ್ಲಿ ಹೇಳಿದರೆ ಆಗುವುದಿಲ್ಲ. ಸೈಟಿನ ಗೇಟ್ ಬುಕ್ಕಿನಲ್ಲಿ ಟ್ಯಾಂಕರ್ ಬಂದ ಸಾಲಿನ ಪಕ್ಕದಲ್ಲೇ ಕ್ಲೋರಿನ್ ಅಂಕಿಗೆ ಒಂದು ಖಾನೆ ಎಳೆಸಿ.